ಬೆಂಕಿಯಿಲ್ಲದ ದಿನದ ಗಂಟೆ

ಗಂಟೆ ಹೊಡೆದ ಕೂಡಲೇ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ಬರಬೇಕು. ಚಪ್ಪಲಿ ಹುಡುಕಬಾರದು, ಚೀಲ ಎತ್ತಿಕೊಳ್ಳಬಾರದು, ಮೆಟ್ಟಿಲಲ್ಲಿ ನಿಂತು ಹಿಂದೆ ನೋಡಬಾರದು. ಅಂಗಳ ದಾಟಿ ಬಾದಾಮಿ ಮರದ ಅಡಿಯಲ್ಲಿ ಸಾಲಾಗಿ ನಿಲ್ಲಬೇಕು. ನಮ್ಮ ತಂಗುಮನೆಯ ನಿಯಮಗಳಲ್ಲಿ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ ಎಂದು ನಾನು ತಿಳಿದಿದ್ದೆ. ಎಷ್ಟು ದಡ್ಡಿ ನೋಡಿ.

ತಂಗುಮನೆ ಎಂದರೆ ಉಡುಪಿಯಲ್ಲಿ, ಬಸ್ ನಿಲ್ದಾಣದಿಂದ ನಡೆದೇ ಬರಬಹುದಾದ ಒಂದು ಓಣಿಯಲ್ಲಿ, ಮಕ್ಕಳಿಲ್ಲದೆ ಮುಚ್ಚಿಹೋದ ಹಳೆಯ ಶಾಲೆ. ಕೆಳಗೆ ಅಡುಗೆಮನೆ, ಊಟದ ಕೋಣೆ, ಮುಖ್ಯೋಪಾಧ್ಯಾಯರ ಕೋಣೆಯಾಗಿದ್ದು ಈಗ ನನ್ನದಾದ ಕೋಣೆ. ಮೇಲೆ ಮರದ ಹಲಗೆಯ ನೆಲದ ಉದ್ದನೆಯ ಹಾಲ್, ಅಲ್ಲಿಗೆ ಒಳಗಿನಿಂದ ಒಂದು ಮೆಟ್ಟಿಲು, ಬೆಂಕಿ ಬಿದ್ದರೆ ಇಳಿಯಲು ಹೊರಗಿನಿಂದ ಕಬ್ಬಿಣದ್ದು ಇನ್ನೊಂದು. ಮನೆ ಇಲ್ಲದ ಹೆಂಗಸರು ಅಲ್ಲಿ ಕೆಲವು ತಿಂಗಳು ಇರುತ್ತಾರೆ. ಅಷ್ಟರಲ್ಲಿ ಕೆಲಸ ಹುಡುಕಿ, ಎಲ್ಲಾದರೂ ಬಾಡಿಗೆಗೆ ಒಂದು ಕೋಣೆ ನೋಡಿಕೊಂಡು ಹೋಗಬೇಕು. ಅವರನ್ನು ನೋಡಿಕೊಳ್ಳುವ ವಾರ್ಡನ್ ನಾನು. ಇದಕ್ಕೂ ಮೊದಲು ಮಣಿಪಾಲದಲ್ಲಿ ಹುಡುಗಿಯರ ಒಂದು ಹಾಸ್ಟೆಲಿನಲ್ಲಿ ಇದೇ ಕೆಲಸ ಮಾಡಿದ್ದೆ. ಅಲ್ಲಿ ಹುಡುಗಿಯರು ನಿಯಮ ಮುರಿಯುತ್ತಿದ್ದದ್ದು ಹಠಕ್ಕೆ. ಇಲ್ಲಿ ಹೆಂಗಸರು ನಿಯಮ ಮುರಿಯುವುದಕ್ಕೆ ಬೇರೆಯೇ ಕಾರಣಗಳಿರುತ್ತವೆ ಎಂದು ಅರ್ಥವಾಗಲು ನನಗೆ ತಡವಾಯಿತು.

ನನ್ನ ಬಾಯಿ ಸ್ವಲ್ಪ ಜೋರು. ಅದನ್ನು ಮುಚ್ಚಿಡುವುದಿಲ್ಲ. ಮಂಚ ಮಂಚದ ನಡುವೆ ಒಬ್ಬರು ಆರಾಮವಾಗಿ ನಡೆಯುವಷ್ಟು ಜಾಗ ಬೇಕು, ಒಬ್ಬರ ಉಸಿರು ಒಬ್ಬರ ಮುಖಕ್ಕೆ ತಾಗಬಾರದು. ಹೊಸದಾಗಿ ಬಂದವರ ಬಟ್ಟೆ ಕುದಿಯುವ ನೀರಿಗೆ ಹೋಗಲೇಬೇಕು, ತಿಗಣೆ ಒಮ್ಮೆ ಹೊಕ್ಕರೆ ಆಮೇಲೆ ಕಟ್ಟಡವೇ ಅದರದ್ದು. ಕೆಮ್ಮು ಇದ್ದವರು ಕಫದ ಪರೀಕ್ಷೆ ಆಗುವವರೆಗೆ ಕಿಟಕಿ ಇರುವ ಬದಿಯ ಕೋಣೆಯಲ್ಲಿ ಮಲಗಬೇಕು. ಮೇಲೆ ಸೊಳ್ಳೆ ಬತ್ತಿ ಇಲ್ಲ, ಊದುಬತ್ತಿ ಇಲ್ಲ, ದೇವರ ದೀಪವೂ ಇಲ್ಲ. ಕಬ್ಬಿಣದ ಹೊರಮೆಟ್ಟಿಲಿನ ಕಂಬಿಗೆ ಸೀರೆ ಒಣಹಾಕುವ ಹಾಗಿಲ್ಲ. ಇದನ್ನೆಲ್ಲ ನಾನು ದಿನಾ ಹೇಳುತ್ತಿದ್ದೆ, ಅವರು ದಿನಾ ಕೇಳುತ್ತಿದ್ದರು, ಮತ್ತೆ ಕಂಬಿಯ ಮೇಲೆ ಯಾರದೋ ಸೀರೆ ಹಾರಾಡುತ್ತಿತ್ತು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಕಾಪುವಿನಿಂದ ಬಂದಿದ್ದ ಒಬ್ಬ ಅಜ್ಜಿ ಇದ್ದರು. ಮನೆಮಾತು ಬ್ಯಾರಿ, ನನ್ನ ಹತ್ತಿರ ಕನ್ನಡ. ಹಾಲ್‌ನ ಹೆಂಗಸರಿಗೆಲ್ಲ ಅವರೇ ಹಿರಿಯರು. ನಾನು ಮೇಲೆ ಹತ್ತಿ ಕೂಗಾಡಲು ಶುರುಮಾಡಿದರೆ ಅವರು ತಲೆಗೆ ಹೊದ್ದ ಬಟ್ಟೆ ಸರಿಮಾಡಿಕೊಂಡು, "ಬಂತು ಮಾರಾಯ್ತಿ, ಬೆಂಕಿ ನಂದಿಸ್ಲಿಕ್ಕೆ ಬೆಂಕಿಯೇ ಬಂತು" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ನಗದೆ ಇಳಿದು ಬಂದು, ನನ್ನ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಒಬ್ಬಳೇ ನಗುತ್ತಿದ್ದೆ.

ಆ ಕೋಣೆಯ ಬಗ್ಗೆ ಹೇಳಬೇಕು. ಅಲ್ಲಿ ಒಂದು ಮಂಚ, ಒಂದು ಮೇಜು, ಔಷಧಿಯ ಕಪಾಟು. ಉದ್ಯಾವರದಲ್ಲಿ ತಮ್ಮನ ಮನೆ ಉಂಟು. ತಾಯಿ ಇರುವವರೆಗೆ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಅವರು ಹೋದ ಮೇಲೆ ನಾನು ಮಲಗುತ್ತಿದ್ದ ಕೋಣೆಗೆ ವಾಷಿಂಗ್ ಮಷಿನ್ ಬಂತು, ಇಸ್ತ್ರಿ ಮಾಡುವ ಮೇಜು ಬಂತು. ಯಾರೂ ನನಗೆ ಬರಬೇಡ ಎಂದಿಲ್ಲ. ಹೋದರೆ ನಾದಿನಿ ಚಹಾ ಮಾಡುತ್ತಾಳೆ, "ಊಟ ಮಾಡಿಕೊಂಡೇ ಹೋಗಿ" ಎನ್ನುತ್ತಾಳೆ. ಹೋಗಿ ಎನ್ನುವುದು ಮಾತಿನಲ್ಲೇ ಇರುತ್ತದೆ. ಕ್ರಮೇಣ ನಾನು ಹೆದ್ದಾರಿಯಲ್ಲಿ ಆ ನಿಲ್ದಾಣ ಬಂದರೂ ಬಸ್ಸಿನಿಂದ ಇಳಿಯದೆ ಕೂರುವುದನ್ನು ಕಲಿತೆ. ಮದುವೆ ಆಗಲಿಲ್ಲ, ಅದಕ್ಕೆ ದೊಡ್ಡ ಕಥೆ ಏನಿಲ್ಲ. ಒಬ್ಬಳೇ ಇದ್ದೇನೆ ಎಂದು ದಿನವಿಡೀ ನೆನಪಾಗುವುದಿಲ್ಲ. ಭಾನುವಾರ ಮಧ್ಯಾಹ್ನ ತಟ್ಟೆ ಹಾಕಿಕೊಂಡು ಮೇಜಿನ ಮುಂದೆ ಕೂತಾಗ ಮಾತ್ರ ನೆನಪಾಗುತ್ತದೆ, ಆಗ ತುಂಬಾ ನೆನಪಾಗುತ್ತದೆ.

ಗದಗ ಕಡೆಯ ಹೆಂಗಸೊಬ್ಬಳು ಬಂದದ್ದು ಮಳೆಗಾಲದ ಕೊನೆಗೆ. ಮಣಿಪಾಲದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದವಳು. ಗಂಡ ತೀರಿಕೊಂಡು ಕೆಲವು ವರ್ಷ ಆಗಿತ್ತು. ಕಾಲಿಗೆ ಮೊಳೆ ಹೊಕ್ಕು ಕೀವಾಗಿ ಆಸ್ಪತ್ರೆಯಲ್ಲಿದ್ದಳು. ಗಾಯ ಮಾಗುತ್ತಾ ಬಂದಾಗ ಅಲ್ಲಿಯವರು ಮನೆ ಎಲ್ಲಿ ಎಂದು ಕೇಳಿದರು. ಇವಳು ಉತ್ತರ ಕೊಡಲಿಲ್ಲವಂತೆ. ಹಾಗೆ ನಮ್ಮಲ್ಲಿಗೆ ಬಂದಳು. ಕೈಯಲ್ಲಿ ಒಂದು ಗೊಬ್ಬರದ ಚೀಲ, ಬಾಯಿಗೆ ಸೆಣಬಿನ ಹುರಿ ಕಟ್ಟಿದ್ದು. ಬಟ್ಟೆ ಕುದಿಸಬೇಕು, ಚೀಲ ಕೊಡು ಎಂದೆ. ಕೊಟ್ಟಳು, ಆದರೆ ಬಟ್ಟೆ ಕುದಿಯುವವರೆಗೂ ಹಂಡೆಯ ಪಕ್ಕದಿಂದ ಏಳಲಿಲ್ಲ. ಕಿಟಕಿಯ ಬಳಿಯ ಮಂಚ ಅವಳಿಗೆ ಕೊಟ್ಟೆ.

ಕಾಲು ಪೂರ್ತಿ ವಾಸಿಯಾಗುವವರೆಗೆ ಹೊರಗಿನ ಕೆಲಸಕ್ಕೆ ಹೋಗುವುದು ಬೇಡ ಎಂದು ಅಡುಗೆಮನೆಗೆ ಸೇರಿಸಿದೆ. ನಮ್ಮ ಕುಚ್ಚಲಕ್ಕಿ ಅನ್ನ ನೋಡಿ ಅವಳ ಮುಖ ಸಣ್ಣದಾಯಿತು. ಒಂದು ವಾರ ಸುಮ್ಮನಿದ್ದು ಆಮೇಲೆ ನಾನೇ ಜೋಳದ ಹಿಟ್ಟು ತರಿಸಿದೆ. ಭಾನುವಾರ ಅವಳು ರೊಟ್ಟಿ ಬಡಿಯುವ ಸದ್ದು ಕೆಳಗಿನ ಕೋಣೆಗಳಿಗೆಲ್ಲ ಕೇಳುತ್ತಿತ್ತು. ಮೊದಲ ಭಾನುವಾರವೇ ಎರಡು ರೊಟ್ಟಿ, ಒಂದಿಷ್ಟು ಕಡಲೆಕಾಯಿ ಚಟ್ನಿಪುಡಿ ಹಿಡಿದು ನನ್ನ ಬಾಗಿಲಿಗೆ ಬಂದಳು.

"ಒಬ್ರ ಕುಂತು ಉಂಡ್ರ ಮೈಗೆ ಹತ್ತಂಗಿಲ್ರೀ ಅಕ್ಕಾರ."

"ನನಗೆ ಅಭ್ಯಾಸ ಉಂಟು. ಇಟ್ಟು ಹೋಗು."

ಅವಳು ಇಟ್ಟಳು, ಹೋಗಲಿಲ್ಲ. ಹೊಸ್ತಿಲ ಮೇಲೆ ಕೂತು, ನಾನು ತಿಂದು ಮುಗಿಸುವವರೆಗೆ ತನ್ನೂರಿನ ಕೆರೆ, ಸತ್ತ ಎತ್ತು, ಅತ್ತೆಯ ಬೈಗುಳ ಎಲ್ಲ ಹೇಳಿದಳು. ಆಮೇಲಿನ ಭಾನುವಾರಗಳಲ್ಲಿ ನಾನು ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಸಿಬ್ಬಂದಿ ಯಾರನ್ನೂ ಹೆಚ್ಚು ಹಚ್ಚಿಕೊಳ್ಳಬಾರದು ಎಂಬುದೂ ನಮ್ಮ ನಿಯಮವೇ, ಬಂದವರು ಹೋಗುವವರು.

ಒಂದು ವಿಷಯ ನನಗೆ ಕಾಣಲಿಲ್ಲ, ಕಾಪುವಿನ ಅಜ್ಜಿ ಕಂಡರು. ಒಗೆದ ಬಟ್ಟೆ ಒಣಹಾಕುವ ತಂತಿ ಅಂಗಳದಲ್ಲಿತ್ತು. ಗದಗದವಳು ತನ್ನ ಸೀರೆಯನ್ನು ಒಗೆದು, ಹಿಂಡಿ, ಬಾಗಿಲಲ್ಲಿ ನಿಂತು ಬೇರೆ ಯಾರಾದರೂ ಬರುವುದನ್ನು ಕಾಯುತ್ತಿದ್ದಳು. ಅವರ ಕೈಗೆ ಕೊಟ್ಟು ಹಾಕಿಸುತ್ತಿದ್ದಳು. ಅಡುಗೆಮನೆಯ ಕಸದ ಬಕೆಟನ್ನೂ ಹಾಗೆಯೇ. "ಅವಳು ಬಂದ ದಿನದಿಂದ ಹೊಸ್ತಿಲು ದಾಟಿದ್ದು ನಾನು ನೋಡಿಲ್ಲ, ಎಂತದೋ ಉಂಟು ಅಕ್ಕ" ಎಂದರು ಅಜ್ಜಿ. ಕಾಲು ನೋವಿರಬೇಕು ಎಂದೆ ನಾನು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ನಾಲ್ಕು ದಿನ ಹೋದರೆ ಸರಿಯಾಗುತ್ತಾಳೆ ಎಂದುಕೊಂಡೆ.

ಅಗ್ನಿಶಾಮಕದ ಅಧಿಕಾರಿ ಬಂದದ್ದು ಆಮೇಲೆ. ಸಣ್ಣ ಪ್ರಾಯದವರು, ಅಜೆಕಾರಿನ ಕಡೆಯವರು, ಮೆತ್ತಗಿನ ಮಾತು. ಕಟ್ಟಡವನ್ನೆಲ್ಲ ನೋಡಿ, ಬೆಂಕಿ ನಂದಿಸುವ ಸಿಲಿಂಡರಿನ ಪಿನ್ನನ್ನು ನಮ್ಮ ಅಡುಗೆಯವಳ ಕೈಯಲ್ಲೇ ಎಳೆಸಿ ತೋರಿಸಿ, ಕೊನೆಗೆ ಡ್ರಿಲ್ ಮಾಡೋಣ ಎಂದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ ಇದು ಒಳ್ಳೆಯದು ಅಲ್ವಾ ಎಂದು ನಕ್ಕರು. ಶಾಲೆಯ ಕಾಲದಿಂದ ಜಗಲಿಯಲ್ಲಿ ನೇತಾಡುತ್ತಿದ್ದ ರೈಲು ಕಂಬಿಯ ತುಂಡನ್ನು ನಾನು ಬಾರಿಸಿದೆ. ಹೆಂಗಸರು ಗೊಣಗುತ್ತಾ, ನಗುತ್ತಾ ಇಳಿದು ಬಂದರು. ಚೀಲ ತಂದವರನ್ನು ನಾನು ಬೈದೆ. ಅಧಿಕಾರಿ ಎಣಿಸಿದರು. ಒಬ್ಬರು ಕಡಿಮೆ.

ಮೇಲೆ ಹೋಗಿ ನೋಡಿದರೆ ಗದಗದವಳು ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು. ಎರಡು ಕೈಯಲ್ಲೂ ಮಂಚದ ಚೌಕಟ್ಟು ಹಿಡಿದಿದ್ದಳು.

"ಕಿವಿ ಕೇಳುವುದಿಲ್ಲವಾ ನಿನಗೆ? ಬೆಂಕಿಯ ಗಂಟೆ ಹೊಡೆದದ್ದು."

"ಬೆಂಕಿ ಎಲ್ಲೈತ್ರೀ?"

"ಇಲ್ಲ. ಇದ್ದರೆ ಎಂತ ಮಾಡಬೇಕು ಅಂತ ಕಲಿಯಲಿಕ್ಕೆ."

"ಬೆಂಕಿ ಇಲ್ಲ, ಮತ್ತ ಬೆಂಕಿ ಬಿದ್ದೈತಿ ಹೊರಗ ಬರ್ರಿ ಅಂತೀರಿ." ಅವಳು ನನ್ನ ಮುಖ ನೋಡಲಿಲ್ಲ. "ನಾ ಬರಂಗಿಲ್ರೀ."

ನಾನು ಬೈದೆ. ಬೇಡಿಕೊಂಡೆ. ರಟ್ಟೆ ಹಿಡಿದು ಎಳೆದೆ. ಅವಳ ಬೆರಳು ಚೌಕಟ್ಟಿನಿಂದ ಬಿಡಲಿಲ್ಲ. ಅಧಿಕಾರಿ ಮೇಲೆ ಬಂದು ನಿಂತು ಎಲ್ಲವನ್ನೂ ನೋಡಿದರು. ಕೆಳಗಿಳಿದ ಮೇಲೆ ಬೇಸರದಿಂದಲೇ ಹೇಳಿದರು: "ಮರದ ನೆಲ ಅಕ್ಕ ಇದು. ಒಬ್ಬರು ಒಳಗೆ ಉಳಿದರೂ ನಾನು ಸರಿ ಉಂಟು ಅಂತ ಬರೆಯಲಿಕ್ಕೆ ಆಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಬರ್ತೇನೆ. ಆಗಲೂ ಹೀಗೇ ಆದರೆ ಮೇಲಿನ ಹಾಲ್ ಮುಚ್ಚಬೇಕಾಗ್ತದೆ." ಹಾಲ್ ಮುಚ್ಚಿದರೆ ಹೆಂಗಸರನ್ನು ಎಲ್ಲಿ ಇಡುವುದು? ಒಬ್ಬೊಬ್ಬರನ್ನು ಒಂದೊಂದು ಊರಿನ ಆಶ್ರಯಕ್ಕೆ ಕಳಿಸಬೇಕು, ಜಾಗ ಇಲ್ಲದಿದ್ದರೆ ಮತ್ತೆ ಬಸ್ ನಿಲ್ದಾಣವೇ. ಯಾವ ಮಂಚವನ್ನು ಅವಳು ಬಿಡುವುದಿಲ್ಲ ಎಂದು ಹಿಡಿದು ಕೂತಿದ್ದಳೋ, ಹಾಗೆ ಕೂತದ್ದಕ್ಕೇ ಆ ಮಂಚ ಹೋಗುವುದರಲ್ಲಿತ್ತು.

ಸಂಜೆ ಅವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ನಾನೇ ಹೋಗಿ ಎದುರು ಕೂತೆ. ಬೈಯಬೇಕೆಂದೇ ಹೋದದ್ದು. ಅವಳು ತಾನಾಗಿ ಬಾಯಿಬಿಟ್ಟಳು.

ಕಟ್ಟಡ ಕಟ್ಟುವವರು ಆ ಜಾಗದಲ್ಲೇ ತಗಡಿನ ಶೆಡ್ಡುಗಳಲ್ಲಿ ಇರುತ್ತಾರಲ್ಲ, ಇವಳದ್ದೂ ಅಂಥದೊಂದು. ಕಟ್ಟಡ ಮುಗಿದಿತ್ತು, ಶೆಡ್ಡು ಖಾಲಿ ಮಾಡಿ ಎಂದು ಹೇಳುತ್ತಿದ್ದರು, ಇವರು ಇನ್ನೊಂದು ವಾರ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಮೇಸ್ತ್ರಿ ಓಡಿ ಬಂದು ಹಾವು ಹೊಕ್ಕಿದೆ ಎಂದ. "ದೊಡ್ಡ ಹಾವು ಬಂದೈತಿ, ಮಕ್ಕಳನ್ನ ಕರ್ಕೊಂಡು ಎಲ್ಲಾರೂ ಹೊರಗ ಬರ್ರಿ ಅಂದ. ಒಲಿ ಮ್ಯಾಲಿನ ಅನ್ನ ಬಿಟ್ಟು ಬಂದ್ವಿ. ರಸ್ತೇದಾಗ ನಿಂತ್ವಿ. ಆಗ ಜೇಸಿಬಿ ಬಂತ್ರೀ. ಹಾವು ಎಲ್ಲೂ ಇರಲಿಲ್ಲ." ಮುರಿದ ತಗಡಿನ ನಡುವೆ ತನ್ನ ಪಾತ್ರೆ, ಗಂಡನ ಫೋಟೋ ಹುಡುಕುವಾಗಲೇ ಕಾಲಿಗೆ ಮೊಳೆ ಹೊಕ್ಕದ್ದು. ಅದಕ್ಕೂ ಮೊದಲು ಇನ್ನೊಂದು ಕಡೆ, ಬಾಡಿಗೆಯ ಕೋಣೆಯಲ್ಲಿ, ಸುಣ್ಣ ಬಳಿಯುತ್ತೇವೆ ಎರಡು ದಿನ ಹೊರಗಿರು ಎಂದು ಹೇಳಿ ಬೇರೆ ಬೀಗ ಹಾಕಿದ್ದರಂತೆ.

"ಒಳಗಿದ್ದಾಗ ಯಾರೂ ನನ್ನ ಹೊರಗ ಹಾಕಿಲ್ರೀ ಅಕ್ಕಾರ. ನಾನಾಗೇ ಹೊರಗ ಬಂದಾಗ ಹಾಕ್ಯಾರ."

ನಾವು ಹಾಗಲ್ಲ ಎಂದೆ. ಅವರೂ ಹಾಗೇ ಹೇಳಿರುತ್ತಾರೆ. ನೀನು ಹೊರಗೆ ಬಾರದಿದ್ದರೆ ಹಾಲ್ ಮುಚ್ಚುತ್ತಾರೆ ಎಂದೆ. ಬಂದರೂ ಮುಚ್ಚುತ್ತಾರೆ ಎಂಬಂತೆ ನೋಡಿದಳು. ಅಂಥ ಕಣ್ಣಿನ ಎದುರು ನನ್ನ ಜೋರು ಬಾಯಿ ಕೆಲಸಕ್ಕೆ ಬರಲಿಲ್ಲ. ಮುಖ್ಯ ಬಾಗಿಲಿನ ಬೀಗದ ಕೈಯನ್ನೇ ಅವಳ ಸೆರಗಿಗೆ ಕಟ್ಟಿದೆ, ನಿನ್ನ ಹತ್ತಿರವೇ ಇರಲಿ ಎಂದು. ಮರುದಿನ ಬಿಚ್ಚಿ ತಂದುಕೊಟ್ಟಳು. ಬೀಗ ಬದಲಾಯಿಸಿದರೆ ಬೀಗದ ಕೈ ಯಾವ ಲೆಕ್ಕ ಎಂದಳು. ಕಾಪುವಿನ ಅಜ್ಜಿ ತಾವೇ ಹೊರಗೆ ಹೋಗಿ, ಅಂಗಳಕ್ಕೆ ಒಂದು ಸುತ್ತು ಬಂದು, "ನೋಡು, ನನ್ನ ಮಂಚ ಅಲ್ಲೇ ಉಂಟು" ಎಂದು ತೋರಿಸಿದರು. ಅದಕ್ಕೂ ಅವಳು ಇಲ್ಲ ಎಂದು ತಲೆ ಅಲ್ಲಾಡಿಸಿದಳು.

ಕಾಲು ವಾಸಿಯಾಗಿತ್ತು. ಕೆಲಸ ಹುಡುಕುವ ಹೊತ್ತೂ ಆಗಿತ್ತು. ಕಾರ್ಕಳದ ಬಳಿ ಕುಕ್ಕುಂದೂರಿನಲ್ಲಿ ಗೇರುಬೀಜ ಸುಲಿಯುವ ಕೆಲಸ ಇದೆ, ಜೊತೆಗೆ ಇಬ್ಬರು ಹೆಂಗಸರು ಇರುವ ಬಾಡಿಗೆ ಕೋಣೆಯಲ್ಲಿ ಜಾಗವೂ ಇದೆ ಎಂದು ಪರಿಚಯದವರು ಹೇಳಿದ್ದರು. ಅಂಗಳಕ್ಕೇ ಇಳಿಯದವಳನ್ನು ಕುಕ್ಕುಂದೂರಿಗೆ ಕಳಿಸುವುದು ಹೇಗೆ?

ಅಧಿಕಾರಿ ಮತ್ತೆ ಬರುವ ದಿನ ಹತ್ತಿರವಾದಾಗ ಒಂದು ಭಾನುವಾರ, ರೊಟ್ಟಿಯ ತಟ್ಟೆ ಇಟ್ಟು, ಅವಳೇ ಮಾತು ತೆಗೆದಳು.

"ಅಕ್ಕಾರ, ನಾ ಹೊರಗ ಹೋಗೂ ಹೊತ್ತಿಗೆ ನನ್ನ ಜಾಗಾದಾಗ ನೀವು ಕುಂದರ್ರಿ. ನೀವು ಕುಂತ್ರ ನಾ ಹೋಗಿ ಬರ್ತೀನಿ."

"ನಾನು ಎಲ್ಲರನ್ನೂ ಇಳಿಸಿ ಕಡೆಗೆ ಹೊರಗೆ ಬರಬೇಕಾದವಳು ಮಾರಾಯ್ತಿ. ಒಳಗೆ ಕೂರಲಿಕ್ಕೆ ಇಲ್ಲ ನನಗೆ."

"ನಿಮ್ಮನ್ನ ಬಿಟ್ರ ನಾ ಯಾರನ್ನ ನಂಬ್ಲಿ?"

ಇಷ್ಟು ವರ್ಷಗಳಲ್ಲಿ ನನಗೆ ಹಾಗೆ ಯಾರೂ ಹೇಳಿರಲಿಲ್ಲ. ನಿಯಮ ಬರೆದವರಿಗೆ ಇಂಥ ಮಾತು ಕೇಳಿಸಿದ್ದರೆ ಅವರೇನು ಮಾಡುತ್ತಿದ್ದರೋ ಗೊತ್ತಿಲ್ಲ. ನಾನು ಆಯಿತು ಎಂದೆ. ಅಜ್ಜಿಗೆ ಮಾತ್ರ ವಿಷಯ ತಿಳಿಸಿದೆ. ಬೆಂಕಿ ಇಲ್ಲವಲ್ಲ, ಸ್ವಲ್ಪ ಹೊತ್ತಿನ ಮಾತು, ಹಾಲ್ ಉಳಿಯುತ್ತದೆ, ಇವಳ ಕಾಲು ಹೊಸ್ತಿಲು ದಾಟುತ್ತದೆ. ಹಾಗೆ ಲೆಕ್ಕ ಹಾಕಿದೆ.

ಅಧಿಕಾರಿ ಒಂದು ಭಾನುವಾರ ಬೆಳಿಗ್ಗೆ ಬಂದರು. ಈ ಸಲ ಗಂಟೆಯನ್ನು ತಾನೇ ಬಾರಿಸುತ್ತೇನೆ ಎಂದರು. ನಾನು ಮೇಲೆ ಹಾಲ್‌ನಲ್ಲಿ ನಿಂತಿದ್ದೆ. ಕಂಬಿಯ ಸದ್ದು ಬಂದ ಕೂಡಲೇ ಹೆಂಗಸರು ಎದ್ದರು. ಯಾರೂ ಚೀಲ ಎತ್ತಲಿಲ್ಲ, ಅಷ್ಟು ಬೈದಿದ್ದೆ. ಗದಗದವಳು ಎದ್ದು ನಿಂತಳು. ನಾನು ಹೋಗಿ ಅವಳ ಮಂಚದ ಮೇಲೆ ಕೂತೆ. ಅವಳು ನನ್ನ ಭುಜ ಒತ್ತಿ ಸರಿಯಾಗಿ ಕೂರಿಸಿದಳು, ಅಂಚಿನಲ್ಲಿ ಕೂತರೆ ಯಾರಾದರೂ ಎಬ್ಬಿಸಿಯಾರು ಎಂಬಂತೆ. ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. ಅಜ್ಜಿ ಅವಳ ಕೈಹಿಡಿದು ಕರೆದುಕೊಂಡು ಹೋದರು. ಕಬ್ಬಿಣದ ಮೆಟ್ಟಿಲಿನ ಮೇಲೆ ಅವರ ಹೆಜ್ಜೆ ಕೇಳಿಸಿತು, ಒಮ್ಮೆ ನಿಂತಿತು, ಮತ್ತೆ ಇಳಿಯಿತು.

ಆಮೇಲೆ ಹಾಲ್ ಖಾಲಿ. ಇಷ್ಟು ವರ್ಷ ಆ ಹಾಲ್‌ನಲ್ಲಿ ನಾನು ನಡೆದಾಡಿದ್ದೆ, ಕೂಗಾಡಿದ್ದೆ, ಒಮ್ಮೆಯೂ ಕೂತಿರಲಿಲ್ಲ. ಕೂತಾಗ ಬೇರೆಯೇ ಕಾಣುತ್ತದೆ. ದಿಂಬುಗಳಲ್ಲಿ ತಲೆಯ ಗುಂಡಿ ಇನ್ನೂ ಹಾಗೇ ಇತ್ತು. ಮಂಚಗಳ ಕೆಳಗೆ ಒಬ್ಬೊಬ್ಬರ ಬದುಕು ಒಂದೊಂದು ಗಂಟಾಗಿ ಕೂತಿತ್ತು. ಕೆಳಗೆ ನನ್ನ ಕೋಣೆಯಲ್ಲೂ ಇಷ್ಟೇ ಇರುವುದು, ಕಪಾಟಿನ ಔಷಧಿ ನನ್ನದಲ್ಲ, ಮೇಜು ಸಂಸ್ಥೆಯದ್ದು, ಮಂಚವೂ ಅವರದ್ದೇ. ನಿವೃತ್ತಿಯಾದರೆ ನಾನು ಎಲ್ಲಿಗೆ ಹೋಗುವುದು ಎಂದು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಅವಳ ಮಂಚದ ಮೇಲೆ, ಅವಳ ಚೀಲ ತೊಡೆಯಲ್ಲಿಟ್ಟುಕೊಂಡು ಯೋಚಿಸಿದೆ. ಭಯವಾಯಿತು. ಸುಳ್ಳು ಹೇಳುವುದಿಲ್ಲ, ಕಣ್ಣಿನಲ್ಲಿ ನೀರು ಬಂತು.

ಕಿಟಕಿಯ ಕೆಳಗೇ ಅಂಗಳ. ಮಾತೆಲ್ಲ ಕೇಳುತ್ತಿತ್ತು. ಅಧಿಕಾರಿ ಗಟ್ಟಿಯಾಗಿ ಎಣಿಸಿದರು, ಅಡುಗೆಯವಳನ್ನೂ ಸೇರಿಸಿ. ಅಜ್ಜಿಯನ್ನು ಕೇಳಿದರು, ಹಾಲ್‌ನವರೆಲ್ಲ ಬಂದಾಯಿತಾ ಎಂದು. ಎಲ್ಲರೂ ಬಂದಾಯಿತು ಎಂದರು ಅಜ್ಜಿ.

"ಲೆಕ್ಕ ಸರಿ ಉಂಟು" ಎಂದರು ಅವರು. ಹೆಂಗಸರು ಚಪ್ಪಾಳೆ ತಟ್ಟಿದರು. ಯಾರೋ ಇನ್ನು ಚಹಾ ಕೊಡಿ ಎಂದರು. ಹಾಲ್ ಉಳಿಯಿತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಆ ಸಂತೋಷದ ಜೊತೆಯಲ್ಲೇ ಇನ್ನೊಂದು ಬಂದು ಎದೆಗೆ ತಾಗಿತು. ನಾನು ಇಲ್ಲದೆಯೇ ಲೆಕ್ಕ ಸರಿಯಾಗಿತ್ತು. ವಾರ್ಡನ್ ಎಲ್ಲಿ ಎಂದು ಅಧಿಕಾರಿ ಕೇಳಲಿಲ್ಲ. ಒಳಗೆ ಯಾರಾದರೂ ಉಳಿದಿದ್ದಾರಾ ಎಂದು ಬಚ್ಚಲು ನೋಡುತ್ತಿರಬೇಕು ಎಂದುಕೊಂಡರೋ ಏನೋ. ಅಡುಗೆಯವಳು ಕೇಳಲಿಲ್ಲ. ನಿಜವಾಗಿ ಬೆಂಕಿ ಬಿದ್ದಿದ್ದರೂ ಹೀಗೇ ಚಪ್ಪಾಳೆ ಬೀಳುತ್ತಿತ್ತು ಎನಿಸಿತು. ಯಾರ ಮೇಲೂ ಸಿಟ್ಟು ಬರಲಿಲ್ಲ, ಅದೇ ಆಶ್ಚರ್ಯ.

ಆಗ ಅವಳ ದನಿ ಕೇಳಿಸಿತು.

"ಒಬ್ರು ಒಳಗದಾರ್ರೀ ಸಾಹೇಬ್ರ."

"ಇಲ್ಲ, ಎಲ್ಲ ಬಂದಿದ್ದಾರೆ. ಎಣಿಸಿದೆ ನಾನು."

"ಸುಮ್ಮನಿರು ಮಾರಾಯ್ತಿ" ಎಂದು ಅಜ್ಜಿ ಪಿಸುಗುಟ್ಟಿದ್ದು ಮೇಲಿನವರೆಗೂ ಬಂತು. "ಪಾಸ್ ಆಯ್ತು ಈಗ."

"ಎಲ್ಲಾರ್ನೂ ಎಣಿಸಿದ್ರಿ, ಅಕ್ಕಾರನ್ನ ಎಣಿಸ್ಲಿಲ್ಲಲ್ರೀ. ಅಕ್ಕಾರು ಒಳಗದಾರ."

ಹಾಲ್ ಹೋಗುತ್ತದಲ್ಲಾ, ಇವಳೇ ಕಳೆಯುತ್ತಿದ್ದಾಳಲ್ಲಾ ಎಂದು ಕಿಟಕಿಗೆ ಓಡಿದೆ. ಸುಮ್ಮನಿರು ಎಂದು ಕೈಸನ್ನೆ ಮಾಡುವುದರೊಳಗೆ ಅವಳು ಅಲ್ಲಿರಲಿಲ್ಲ. ಕಬ್ಬಿಣದ ಮೆಟ್ಟಿಲು ಧಡಧಡ ಎಂದಿತು. ಹೊರಗೆ ಹೋದವರು ಏನೇ ಆದರೂ ಮತ್ತೆ ಒಳಗೆ ಬರಬಾರದು. ನಿಯಮಗಳಲ್ಲೆಲ್ಲ ದೊಡ್ಡ ನಿಯಮ ಅದು. ಅವಳು ಏದುಸಿರು ಬಿಡುತ್ತಾ ಬಂದು ನನ್ನ ಮುಂದೆ ನಿಂತಳು.

"ನಡೀರಿ ಅಕ್ಕಾರ."

"ಹಾಳು ಮಾಡಿದೆಯಲ್ಲ, ಎಲ್ಲ ಸರಿಯಾಗಿತ್ತು. ನಿನ್ನ ಮಂಚ ಉಳಿದಿತ್ತು."

"ಮಂಚ ಹೋದ್ರ ಹೋಗ್ಲಿ ಬಿಡ್ರಿ. ಖರೇನ ಬೆಂಕಿ ಬಿದ್ದಿದ್ರ? ನೀವು ನನ್ನ ಹಾಸಗಿ ಕಾಯ್ಕೋತ ಇಲ್ಲೇ ಕುಂದರ್ತಿದ್ರಿ."

ನನ್ನ ಕೈಯಲ್ಲಿದ್ದ ಚೀಲವನ್ನು ಕಸಿದು ಮಂಚದ ಮೇಲೆ ಎಸೆದಳು. ಮಣಿಕಟ್ಟು ಹಿಡಿದು ಎಳೆದಳು. ಇಟ್ಟಿಗೆ ಹೊತ್ತ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ, ಆಗಿದ್ದರೂ ಬಿಡಿಸಿಕೊಳ್ಳುತ್ತಿರಲಿಲ್ಲ. ಹಾಗೇ ಇಬ್ಬರೂ ಇಳಿದು ಅಂಗಳಕ್ಕೆ ಬಂದೆವು. ಎಲ್ಲರೂ ನೋಡುತ್ತಿದ್ದರು. ಅಧಿಕಾರಿಯ ಮುಖ ಕೆಂಪಾಗಿತ್ತು.

"ಎಂತ ಅಕ್ಕ ಇದು? ನೀವೇ ಒಳಗೆ ಕೂತರೆ ಹೇಗೆ?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾವಿನ ಕಥೆಯನ್ನೂ ಹೇಳಿದೆ. ಅವರು ಇದು ಫೇಲ್, ಅದರಲ್ಲಿ ಎರಡು ಮಾತಿಲ್ಲ ಎಂದರು. ಆಮೇಲೆ, "ನಾನು ಇನ್ನೂ ಹೋಗಿಲ್ಲ ಅಲ್ವಾ. ಎಲ್ಲರೂ ಮೇಲೆ ಹತ್ತಿ. ಇನ್ನೊಮ್ಮೆ ಮಾಡುವ" ಎಂದರು.

ಮತ್ತೆ ಗಂಟೆ ಹೊಡೆಯಿತು. ಅವಳು ಎದ್ದಳು, ನನ್ನ ಮಣಿಕಟ್ಟನ್ನು ಹಿಡಿದೇ ಇದ್ದಳು. ಮಂಚ, ಚೀಲ, ಹೊದಿಕೆ ಎಲ್ಲ ಹಿಂದೆ ಉಳಿದವು. ಎಲ್ಲರ ಕೊನೆಗೆ ನಾವು ಇಳಿದೆವು. ಅಧಿಕಾರಿ ಎಣಿಸಿ, ಕೊನೆಗೆ ನನ್ನ ಕಡೆ ಬೆರಳು ತೋರಿಸಿ, ಇವರನ್ನೂ ಸೇರಿಸಿ ಇಷ್ಟು ಎಂದರು. ಇನ್ನು ಮೇಲೆ ವಾರ್ಡನನ್ನೂ ಎಣಿಸಬೇಕು ಎಂದು ನಮ್ಮ ನಿಯಮಗಳಿಗೆ ಒಂದು ಸಾಲು ಸೇರಿಸಿದರು. ಹಾಲ್ ಉಳಿಯಿತು. ಮೇಲೆ ಹತ್ತಿದ ಮೇಲೆ ಅವಳು ತನ್ನ ಮಂಚದ ಮುಂದೆ ನಿಂತು ಅದನ್ನು ಬಹಳ ಹೊತ್ತು ನೋಡಿದಳು. ಕೂರಲಿಲ್ಲ. ಒಗೆದಿಟ್ಟಿದ್ದ ಸೀರೆ ಎತ್ತಿಕೊಂಡು ತಾನೇ ಅಂಗಳಕ್ಕೆ ಹೋಗಿ ತಂತಿಗೆ ಹಾಕಿ ಬಂದಳು.

ಹೋಗಬಲ್ಲೆ ಎಂದು ಗೊತ್ತಾದವರನ್ನು ಇಟ್ಟುಕೊಳ್ಳುವ ಜಾಗ ಅಲ್ಲ ನಮ್ಮದು. ಗಾಳಿ ಬದಲಾಗಿ ಸೆಕೆ ಶುರುವಾಗುವ ಹೊತ್ತಿಗೆ ಅವಳು ಕುಕ್ಕುಂದೂರಿಗೆ ಹೊರಟಳು. ಕಾರ್ಕಳದ ಬಸ್ಸಿಗೆ ನಾನೇ ಹತ್ತಿಸಿದೆ. ಕಿಟಕಿಯ ಪಕ್ಕ ಕೂತು, ಚೀಲವನ್ನು ಕಾಲಬುಡದಲ್ಲಿ ಇಟ್ಟು, "ಬರ್ರಿ ಅಕ್ಕಾರ, ಭಾನುವಾರ ರೊಟ್ಟಿ ಮಾಡ್ತೀನಿ" ಎಂದಳು. ಬರುತ್ತೇನೆ ಎಂದೆ. ಅವಳಿಗೆ ಭಾನುವಾರವೂ ಒಮ್ಮೊಮ್ಮೆ ಕೆಲಸ ಇರುತ್ತದೆ, ನನಗೆ ರಜೆ ಸಿಗುವುದಿಲ್ಲ. ಫೋನಿನಲ್ಲಿ ಮಾತಾಡುತ್ತೇವೆ, ಮೊದಮೊದಲು ಹೆಚ್ಚು, ಈಗ ಕಡಿಮೆ. ಹಾಗೇ ಆಗಬೇಕಾದದ್ದು. ಅವಳಿಗೆ ಅಲ್ಲಿ ಜನ ಆಗಿದ್ದಾರೆ.

ಅವಳ ಮಂಚದಲ್ಲಿ ಈಗ ಬೇರೊಬ್ಬಳು. ಡ್ರಿಲ್ ತಿಂಗಳಿಗೊಮ್ಮೆ ನಡೆಯುತ್ತದೆ. ನಾನು ಎಲ್ಲರನ್ನೂ ಇಳಿಸಿ, ಬಚ್ಚಲು ನೋಡಿ, ಕೊನೆಗೆ ಹೊರಗೆ ಬಂದು ಸಾಲಿನ ತುದಿಯಲ್ಲಿ ನಿಲ್ಲುತ್ತೇನೆ. ಎಣಿಸುವವರು ನನ್ನ ಹತ್ತಿರ ಬಂದಾಗ ಮುಖ ನೋಡುವುದಿಲ್ಲ, ಬೆರಳು ತೋರಿಸಿ ಒಂದು ಸೇರಿಸಿಕೊಂಡು ಮುಂದೆ ಹೋಗುತ್ತಾರೆ. ಅವರ ತಪ್ಪಲ್ಲ, ನಿಯಮ ಅಷ್ಟನ್ನೇ ಕೇಳುತ್ತದೆ. ನಿಯಮ ಇಲ್ಲದ ದಿನ ನನ್ನನ್ನು ಎಣಿಸಿದವಳು ಒಬ್ಬಳೇ, ಅವಳನ್ನು ಬಸ್ಸು ಹತ್ತಿಸಿದವಳು ನಾನೇ.